ಮಾತ್ರೆಯೂ ಇರಲಿ, ಮೊರೆಯೂ ಇರಲಿ

ಓದುಗರ ಪತ್ರ – ಮನೋವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಎಷ್ಟು ದಿನ ಅಂತ ತಡೆದುಕೊಳ್ಳುವುದು? ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಲಾಗಿದೆ.

*

ಪ್ರಶ್ನೆ: ನನ್ನ ಒಂಬತ್ತು ವರ್ಷದ ಮಗಳಿಗೆ ಮೂರು ವರ್ಷದಿಂದ ಫಿಟ್ಸ್ ಬರುತ್ತಿದೆ. ಮಾತ್ರೆ ಶುರು ಮಾಡಿದ ಮೇಲೆ ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ನಮ್ಮತ್ತೆಯವರು, ‘ಒಂದು ಕಡೆ ಹರಕೆ ಹೊತ್ತು ಇನ್ನೊಂದು ಕಡೆ ಮಾತ್ರೆ ನುಂಗಿಸಿದರೆ ದೇವರನ್ನು ನಂಬಿಲ್ಲ ಅಂತಲೇ ಅರ್ಥ’ ಎಂದು ಶ್ರಾವಣದಲ್ಲಿ ಮಾತ್ರೆ ನಿಲ್ಲಿಸಿಬಿಟ್ಟರು. ಎರಡು ವಾರವೂ ಆಗಲಿಲ್ಲ, ಮಗು ಶಾಲೆಯಲ್ಲೇ ಬಿದ್ದಳು. ಈಗ ಮತ್ತೆ ಮೊದಲಿಂದ. ನನ್ನ ನಂಬಿಕೆಯೇ ಸಾಲದೇ ಹೋಯಿತೇ? — ಗೃಹಿಣಿ, ದಾವಣಗೆರೆ ಜಿಲ್ಲೆ

ಉತ್ತರ: ಮಗು ಮತ್ತೆ ಬಿದ್ದದ್ದಕ್ಕೆ ನಿಮ್ಮ ನಂಬಿಕೆಯ ಕೊರತೆಯೇ ಕಾರಣವಿರಬಹುದೇ ಎಂಬುದು ನಿಮ್ಮ ಭಯ. ಅಲ್ಲ. ಮಾತ್ರೆ ತಟ್ಟನೆ ನಿಂತದ್ದೇ ಕಾರಣ. ಮೂರ್ಛೆರೋಗದಲ್ಲಿ (ಮಿದುಳಿನ ನರಕೋಶಗಳು ಇದ್ದಕ್ಕಿದ್ದಂತೆ ಒಟ್ಟಿಗೆ ವಿದ್ಯುತ್ ಸಂಕೇತ ಹೊರಡಿಸಿ ಮೈ ಸೆಟೆದುಕೊಳ್ಳುವ, ನಡುಗುವ ಕಾಯಿಲೆ) ಔಷಧಿಯನ್ನು ಒಮ್ಮೆಲೇ ಬಿಟ್ಟರೆ ಯಾವ ಮಗುವಿಗೂ ಹೀಗೆ ಆಗಬಹುದು. ತಾಯಿ ಭಕ್ತೆಯೋ ನಾಸ್ತಿಕಳೋ ಎಂದು ಮಿದುಳು ವಿಚಾರಿಸುವುದಿಲ್ಲ.

ಇನ್ನೊಂದು ಸಮಾಧಾನದ ಸಂಗತಿ ಕೇಳಿ. ಲೋಕದಲ್ಲಿ ಸುಮಾರು 5 ಕೋಟಿ ಜನಕ್ಕೆ ಈ ಕಾಯಿಲೆ ಇದೆ. ಸರಿಯಾಗಿ ಪತ್ತೆ ಹಚ್ಚಿ ಸರಿಯಾಗಿ ಔಷಧಿ ಕೊಟ್ಟರೆ ನೂರಕ್ಕೆ 70 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಿಮ್ಮ ಮಗಳಿಗೆ ಒಂದು ವರ್ಷ ಏನೂ ಬರಲಿಲ್ಲವಲ್ಲ, ಆ ಔಷಧಿ ಅವಳಿಗೆ ಒಗ್ಗಿದೆ ಎನ್ನುವುದಕ್ಕೆ ಅದು ಒಳ್ಳೆಯ ಸೂಚನೆ. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಬಾರದೆ ಇದ್ದರೆ, ಔಷಧಿಯನ್ನು ಮೆಲ್ಲಗೆ ಇಳಿಸಬಹುದೇ ಎಂದು ವೈದ್ಯರು ಯೋಚಿಸುತ್ತಾರೆ. ಆ ಲೆಕ್ಕ ಈಗ ಹೊಸದಾಗಿ ಶುರುವಾಗುತ್ತದೆ, ನಿಜ. ಬೇಸರದ ಮಾತೇ. ಆದರೆ ದಾರಿ ಗೊತ್ತಿರುವ ದಾರಿ. ಈ ವಾರವೇ ವೈದ್ಯರನ್ನು ಕಂಡು, ಮಾತ್ರೆ ಎಷ್ಟು ದಿನ ತಪ್ಪಿತು ಎಂದು ಮುಚ್ಚಿಡದೆ ಹೇಳಿ. ಪ್ರಮಾಣ ಎಷ್ಟು ಎಂಬುದನ್ನು ಅವರೇ ನಿರ್ಧರಿಸಲಿ.

ನಿಮ್ಮತ್ತೆಯವರ ಮೇಲೆ ಸಿಟ್ಟು ಬೇಡ. ಮೊಮ್ಮಗಳು ಜೀವನಪೂರ್ತಿ ಮಾತ್ರೆ ನುಂಗಬೇಕಾದೀತೋ ಎಂಬ ದಿಗಿಲು ಅವರಿಗೂ ಇದೆ. ಅವರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಕೇಳಿಸಿ. ಮನೆಗೆ ಬಂದ ಮೇಲೆ ಒಂದು ಜವಾಬ್ದಾರಿ ಅವರಿಗೇ ಕೊಡಿ: ಸಂಜೆ ದೀಪ ಹಚ್ಚಿದ ಕೂಡಲೇ ಮೊಮ್ಮಗಳಿಗೆ ರಾತ್ರಿಯ ಮಾತ್ರೆ ಕೊಡುವುದು. (ವೈದ್ಯರು ಹೇಳಿದ ಹೊತ್ತಿಗೆ ಅದು ಹೊಂದುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ.) ದೀಪ ತಪ್ಪಿಸದ ಮನೆಯಲ್ಲಿ ಮಾತ್ರೆಯೂ ತಪ್ಪುವುದಿಲ್ಲ. ನಾನು ಕಂಡ ಮಟ್ಟಿಗೆ, ಮಾತ್ರೆಯ ವಿಷಯದಲ್ಲಿ ಅಜ್ಜಿಯರಷ್ಟು ಕಟ್ಟುನಿಟ್ಟು ನರ್ಸುಗಳೂ ಇರುವುದಿಲ್ಲ.

ಹರಕೆ ತೀರಿಸಿ, ಬೇಡ ಎನ್ನುವುದಿಲ್ಲ. ಆದರೆ ಮಗುವಿಗೆ ಉಪವಾಸ ಮಾಡಿಸಬೇಡಿ, ಶಿವರಾತ್ರಿಯ ಜಾಗರಣೆಗೂ ಜಾತ್ರೆಯ ರಾತ್ರಿ ತೇರಿಗೂ ಎಚ್ಚರವಾಗಿ ಕೂರಿಸಬೇಡಿ. ನಿದ್ದೆಗೆಟ್ಟರೆ ಫಿಟ್ಸ್ ಬರುವ ಸಾಧ್ಯತೆ ಹೆಚ್ಚು. ಕೆರೆ, ಬಾವಿಯ ಕಡೆ ಒಬ್ಬಳನ್ನೇ ಬಿಡಬೇಡಿ.

ಶಾಲೆಯಲ್ಲಿ ಬಿದ್ದಾಗ ಯಾರೋ ಕೈಗೆ ಬೀಗದ ಕೈ ಗೊಂಚಲು ಕೊಟ್ಟರೆಂದೂ ಬರೆದಿದ್ದೀರಿ. ಕಬ್ಬಿಣ ಹಿಡಿಸಿದ್ದರಿಂದ ಫಿಟ್ಸ್ ನಿಲ್ಲುವುದಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಅಷ್ಟರಲ್ಲಿ ಯಾರಾದರೂ ಬೀಗದ ಕೈ ತಂದಿರುತ್ತಾರೆ, ಹೆಸರು ಅದಕ್ಕೆ ಬರುತ್ತದೆ. ಟೀಚರಿಗೆ ಹೇಳಿಡಿ: ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಗಡಿಯಾರ ನೋಡಿಕೊಳ್ಳಬೇಕು. ಬಾಯಿಗೆ ಚಮಚ, ಬಟ್ಟೆ ತುರುಕಬಾರದು. ಪೂರ್ತಿ ಎಚ್ಚರವಾಗುವತನಕ ನೀರೂ ಕುಡಿಸಬಾರದು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು.

ಬೆಳಿಗ್ಗೆ, ರಾತ್ರಿ ಒಂದು ಹೊತ್ತೂ ತಪ್ಪದೆ ವರ್ಷಗಟ್ಟಲೆ ಮಾತ್ರೆ ಕೊಡುವುದು ಸಣ್ಣ ಕೆಲಸವಲ್ಲ. ಯಾವ ವ್ರತಕ್ಕೂ ಇದು ಕಡಿಮೆಯದೂ ಅಲ್ಲ.

*

ಪ್ರಶ್ನೆ: ನನಗೀಗ 29. ರಾಯಚೂರು ಜಿಲ್ಲೆಯವನು. ಐದು ವರ್ಷದಿಂದ ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಐಎಎಸ್, ಕೆಎಎಸ್ ಎರಡಕ್ಕೂ ಓದುತ್ತಿದ್ದೇನೆ. ನಾಲ್ಕು ಸಲ ಬರೆದೆ, ಮೂರು ಸಲ ಪ್ರಿಲಿಮ್ಸೇ ಆಗಲಿಲ್ಲ. ಅಪ್ಪ ಹೊಲ ಒತ್ತೆ ಇಟ್ಟಿದ್ದಾರೆ. ಬಿಟ್ಟರೆ ಹೇಡಿ ಅಂತಾರೆ, ಮುಂದುವರಿಸಿದರೆ ಮನೆ ಮುಳುಗುತ್ತದೆ. ಛಲ ಬಿಡಬಾರದು ಅಂತಲೇ ಎಲ್ಲರೂ ಹೇಳೋದು. — ವಿ., ಬೆಂಗಳೂರು

ಉತ್ತರ: ಬಿಟ್ಟರೆ ಸೋತಂತೆ, ಹಿಡಿದರೆ ಮುಳುಗಿದಂತೆ. ಈ ಇಕ್ಕಟ್ಟಿನಲ್ಲಿ ರಾತ್ರಿ ನಿದ್ದೆ ಬರುತ್ತಿಲ್ಲ ಎಂದಿದ್ದೀರಿ. ಬಾರದಿರುವುದು ಸಹಜ.

ಮೊದಲು ಈ ಪರೀಕ್ಷೆಯ ಗಾತ್ರ ನೋಡೋಣ. 2023ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 10,16,850 ಮಂದಿ. ಪ್ರಿಲಿಮ್ಸ್ ದಾಟಿದವರು 14,624. ಕೊನೆಗೆ ಆಯ್ಕೆಯಾದವರು 1,016. ಅಂದರೆ ಅರ್ಜಿ ಹಾಕಿದ ಸಾವಿರಕ್ಕೆ ಒಬ್ಬರು. ಉಳಿದ 999 ಮಂದಿ ಛಲವಿಲ್ಲದವರೇ? ಸೋಮಾರಿಗಳೇ? ಕೋಚಿಂಗ್ ಕೇಂದ್ರದ ಬ್ಯಾನರಿನಲ್ಲಿ ಆ ಒಬ್ಬರ ಫೋಟೊ ಮಾತ್ರ ಇರುತ್ತದೆ. ಹತ್ತು ವರ್ಷ ಓದಿಯೂ ಆಗದವರ ಫೋಟೊ ಹಾಕಿದರೆ ಬಾಡಿಗೆ ಯಾರು ಕಟ್ಟುತ್ತಾರೆ! ನಿಮಗೆ ಆಗಲಿಲ್ಲ ಎಂಬುದರಿಂದ ನೀವು ಎಂಥವರು ಎಂದು ತೀರ್ಮಾನವಾಗುವುದಿಲ್ಲ.

ಈಗ ಸ್ವಲ್ಪ ಕಹಿ ಮಾತು. ‘ಐದು ವರ್ಷ ಹಾಕಿದ್ದೇನೆ, ಈಗ ಹೇಗೆ ಬಿಡಲಿ’ ಎಂದು ಬರೆದಿದ್ದೀರಿ. ಹಾಕಿದ ಐದು ವರ್ಷ ಆಗಲೇ ಖರ್ಚಾಗಿದೆ. ನೀವು ಮುಂದುವರಿಸಿದರೂ ಅದು ವಾಪಸು ಬರುವುದಿಲ್ಲ, ನಿಲ್ಲಿಸಿದರೂ ಬರುವುದಿಲ್ಲ. ಇದನ್ನು ಮುಳುಗಿದ ವೆಚ್ಚ (ಏನು ಮಾಡಿದರೂ ಮರಳಿ ಬಾರದ ಖರ್ಚು) ಎನ್ನುತ್ತಾರೆ. ತೀರ್ಮಾನ ಮಾಡುವಾಗ ನೋಡಬೇಕಾದದ್ದು ಮುಂದಿನ ಒಂದು ವರ್ಷವನ್ನು ಮಾತ್ರ.

ಮೂರು ಸಲದ ಪ್ರಿಲಿಮ್ಸ್ ಅಂಕಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಪಕ್ಕದಲ್ಲಿ ಆಯಾ ವರ್ಷದ ಕಟಾಫ್ ಬರೆಯಿರಿ. ಅಂತರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದಿದ್ದರೆ ನಿಮ್ಮ ಓದು ಕೆಲಸ ಮಾಡುತ್ತಿದೆ, ಇನ್ನೊಂದು ಪ್ರಯತ್ನಕ್ಕೆ ಅರ್ಥವಿದೆ. ಇದ್ದಲ್ಲೇ ಇದ್ದರೆ ಅದೇ ಪುಸ್ತಕವನ್ನು ಅದೇ ರೂಮಿನಲ್ಲಿ ಆರನೇ ವರ್ಷ ಓದುವುದರಿಂದ ಬೇರೆ ಫಲ ಬರುವುದಿಲ್ಲ. ಆಗ ಓದುವ ಕ್ರಮ ಬದಲಾಗಬೇಕು ಇಲ್ಲವೇ ಪರೀಕ್ಷೆ ಬದಲಾಗಬೇಕು. ನಿಯಮವೂ ನೆನಪಿರಲಿ: ಐಎಎಸ್‌ಗೆ ಸಾಮಾನ್ಯ ವರ್ಗದವರಿಗೆ 32 ವರ್ಷದವರೆಗೆ 6 ಅವಕಾಶ, ಹಿಂದುಳಿದ ವರ್ಗದವರಿಗೆ 35ರವರೆಗೆ 9, ಪರಿಶಿಷ್ಟರಿಗೆ 37ರವರೆಗೆ ಎಷ್ಟು ಸಲವಾದರೂ. ನಿಮ್ಮ ಪಾಲಿಗೆ ಎಷ್ಟು ಉಳಿದಿದೆ ನೋಡಿ. ಆದರೆ ಅವಕಾಶ ಉಳಿದಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಬಳಸಲೇಬೇಕೆಂದಿಲ್ಲ.

ನನ್ನ ಸಲಹೆ: ಒಂದು ತಾರೀಖು ಗೊತ್ತು ಮಾಡಿ, ಅದನ್ನು ಅಪ್ಪನಿಗೆ ಹೇಳಿ. ಅಲ್ಲಿಯವರೆಗೆ ಪಾಠ ಹೇಳುವ ಕೆಲಸವೋ ಇನ್ನಾವುದೋ ಹಿಡಿದು ಓದಿ, ಕನಿಷ್ಠ ರೂಮಿನ ಬಾಡಿಗೆಯಾದರೂ ನಿಮ್ಮ ಕೈಯಿಂದಲೇ ಹುಟ್ಟಲಿ. ಅಪ್ಪನಿಗೆ ಹೊಲದ ಚಿಂತೆಗಿಂತ ನಿಮ್ಮ ಮೌನವೇ ಹೆಚ್ಚು ಭಾರವಾಗಿರಬಹುದು, ಒಮ್ಮೆ ಊರಿಗೆ ಹೋಗಿ ಎದುರು ಕೂತು ಮಾತಾಡಿ. ಫೋನಿನಲ್ಲಿ ಬೇಡ. ಆ ತಾರೀಖಿನ ಮೇಲೆ ನೀವು ಬೇರೆ ದಾರಿ ಹಿಡಿದರೆ ಅದನ್ನು ಹೇಡಿತನ ಎನ್ನುವವರು, ನಿಮ್ಮ ಒತ್ತೆಯ ಬಡ್ಡಿ ಕಟ್ಟುವವರಲ್ಲ.

*

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ ಮಾಡುತ್ತೇನೆ. ಬೆಳಗಾದರೆ ವಾಟ್ಸಾಪಿನಲ್ಲಿ ‘ಕಷ್ಟ ಬಂದಾಗ ನಗು, ಗೆಲುವು ನಿನ್ನದೇ’ ಥರದ ಸಂದೇಶಗಳು. ಓದಿದರೆ ಧೈರ್ಯ ಬರುವ ಬದಲು ಸುಸ್ತಾಗುತ್ತದೆ, ಅಳು ಬರುತ್ತದೆ. ನನ್ನಲ್ಲೇ ಏನೋ ಐಬಿದೆಯಾ? — ಎಸ್., ರಾಮನಗರ

ಉತ್ತರ: ಐಬೇನೂ ಇಲ್ಲ. ದಿನವಿಡೀ ಮಿಷನ್ ತುಳಿದು, ಮನೆಗೆ ಬಂದು ಒಲೆಯ ಮುಂದೆ ನಿಲ್ಲುವವರಿಗೆ ‘ನಗು’ ಎನ್ನುವುದೂ ಇನ್ನೊಂದು ಟಾರ್ಗೆಟ್ ಕೊಟ್ಟಂತೆಯೇ. ಆ ಗುಂಪುಗಳನ್ನು ಮ್ಯೂಟ್ ಮಾಡಿ, ಯಾರಿಗೂ ಗೊತ್ತಾಗುವುದಿಲ್ಲ. ಆ ಐದು ನಿಮಿಷ ಕಾಫಿ ಕುಡಿಯಿರಿ, ಕೂತು ಕುಡಿಯಿರಿ. ಆದರೆ ಅಳು, ಸುಸ್ತು ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವೂ ಇದ್ದರೆ, ಹಸಿವು, ನಿದ್ದೆ ಕೆಟ್ಟಿದ್ದರೆ ವೈದ್ಯರಿಗೆ ತೋರಿಸಿ. ಅದು ಖಿನ್ನತೆ (ಮನಸ್ಸು ಸದಾ ಕುಗ್ಗಿರುವ ಕಾಯಿಲೆ) ಇರಬಹುದು, ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಇರಬಹುದು. ಮೂರಕ್ಕೂ ಚಿಕಿತ್ಸೆ ಇದೆ.

*

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮಾಸ್ತರ, ವಯಸ್ಸು 68. ಎಂಟು ತಿಂಗಳ ಹಿಂದೆ ಕ್ಯಾನ್ಸರಿನಿಂದ ಹೆಂಡತಿ ತೀರಿಕೊಂಡಳು. ಆಕೆ ಉಳಿಯಲೆಂದು ಮಾಡದ ಸೇವೆಯಿಲ್ಲ. ಈಗ ದೇವರ ಕೋಣೆಯ ಬಾಗಿಲು ತೆಗೆಯಲು ಮನಸ್ಸಿಲ್ಲ. ತೆಗೆದರೆ ಜಗಳಕ್ಕೆ ನಿಲ್ಲುತ್ತೇನೆ. ನಲವತ್ತು ವರ್ಷದ ಪೂಜೆ ಹೀಗೆ ಕೊನೆಯಾಯಿತಲ್ಲ ಎಂಬ ಪಾಪಪ್ರಜ್ಞೆ ಬೇರೆ. ಮಕ್ಕಳು ‘ದೇವರ ಮೇಲೆ ಭಾರ ಹಾಕಿ’ ಅನ್ನುತ್ತಾರೆ. — ಧಾರವಾಡ

ಉತ್ತರ: ಹೆಂಡತಿಯೂ ಹೋದರು, ಆಸರೆಯಾಗಿದ್ದ ದೇವರೂ ಹೋದಂತಾಯಿತು. ಇವು ಎರಡು ದುಃಖಗಳು. ಮಕ್ಕಳು ಮೊದಲನೆಯದನ್ನು ಮಾತ್ರ ಕಾಣುತ್ತಿದ್ದಾರೆ.

ಸಿಟ್ಟು ಮಾಡಿಕೊಂಡದ್ದಕ್ಕೆ ಪಾಪಪ್ರಜ್ಞೆ ಬೇಡ ಸರ್. ನೀವು ಮೇಷ್ಟ್ರು, ನಿಮಗೆ ನಾನು ಹೇಳಬೇಕಾದ್ದಿಲ್ಲ: ನಮ್ಮಲ್ಲಿ ದೇವರೊಡನೆ ಜಗಳವಾಡುವುದಕ್ಕೇ ಒಂದು ಪರಂಪರೆಯಿದೆ. ಪುರಂದರದಾಸರು, ಕನಕದಾಸರು ನಿಂದಾಸ್ತುತಿಗಳನ್ನು (ಬೈಯುವ ಧಾಟಿಯಲ್ಲಿ ದೇವರನ್ನು ಹೊಗಳುವ ಪದಗಳು) ಕಟ್ಟಿದರು. ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವನ ಎದುರು ದೂರು, ಮುನಿಸು, ಹಟ ಎಲ್ಲವೂ ಇದೆ. ಸುಮಾರು ಎಂಟುನೂರು ವರ್ಷದ ಹಿಂದೆ ರಾಘವಾಂಕ ಬರೆದ ಹರಿಶ್ಚಂದ್ರ ಕಾವ್ಯವನ್ನು ನೀವು ತರಗತಿಯಲ್ಲಿ ಪಾಠ ಮಾಡಿರಬಹುದು. ಸತ್ಯವನ್ನು ಬಿಡದ ಆ ಸಂಸಾರದಲ್ಲೂ, ಮಗ ಲೋಹಿತಾಶ್ವನ ಹೆಣದ ಮುಂದೆ ತಾಯಿ ಚಂದ್ರಮತಿ ಎದೆ ಬಿರಿಯುವಂತೆ ಅಳುತ್ತಾಳೆ. ಅತ್ತದ್ದರಿಂದ ಅವಳ ನಿಷ್ಠೆಗೆ ಕುಂದು ಬಂತೆಂದು ಕವಿ ಎಲ್ಲೂ ಹೇಳುವುದಿಲ್ಲ. ದೇವರ ಕೋಣೆಯಲ್ಲಿ ಯಾರೂ ಇಲ್ಲ ಎಂದುಕೊಂಡವರು ಬಾಗಿಲು ತೆಗೆದು ಜಗಳಕ್ಕೆ ನಿಲ್ಲುವುದಿಲ್ಲ. ನಿಮ್ಮ ನಂಬಿಕೆ ಸತ್ತಿಲ್ಲ ಎಂದೇ ನನ್ನ ಎಣಿಕೆ. ಹಾಗೆಂದು ಪೂಜೆಗೆ ಕೂಡಲೇ ಕೂಡಬೇಕೆಂದೂ ಇಲ್ಲ. ಮನಸ್ಸಾದ ದಿನ ಕೂತರಾಯಿತು, ಆಗದಿದ್ದರೆ ಬಿಟ್ಟರಾಯಿತು. ಜಗಳವಾಡಬೇಕೆನಿಸಿದರೆ ಆಡಿ.

ವೈದ್ಯನಾಗಿ ನನ್ನ ಗಮನ ಬೇರೆ ಕಡೆ ಇದೆ. ‘ಅಡುಗೆ ಮಾಡಿಕೊಳ್ಳಲು ಬೇಜಾರು, ಬಿಸ್ಕೀಟು ಚಹಾದಲ್ಲಿ ದಿನ ಕಳೆಯುತ್ತೇನೆ’ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಅದು ಅಂಚಿನ ಮಾತಲ್ಲ. ಈ ವಯಸ್ಸಿನಲ್ಲಿ ಊಟ ತಪ್ಪಿದರೆ ದೇಹ ಬೇಗ ಸೊರಗುತ್ತದೆ, ಸೊರಗಿದ ದೇಹದಲ್ಲಿ ದುಃಖ ದುಪ್ಪಟ್ಟಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಒಂದು ಖಾನಾವಳಿ ಗೊತ್ತು ಮಾಡಿಕೊಳ್ಳಿ ಇಲ್ಲವೇ ರೊಟ್ಟಿ ಪಲ್ಲೆ ಮಾಡಿಕೊಡುವವರನ್ನು ಹುಡುಕಿ. ಬಿಪಿ, ಸಕ್ಕರೆ ತೋರಿಸಿಕೊಳ್ಳಿ. ವಾರಕ್ಕೊಮ್ಮೆಯಾದರೂ ಸಂಜೆ ಮನೆಯಿಂದ ಹೊರಬೀಳಿ. ನಿಮ್ಮೂರಲ್ಲಿ 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘವಿದೆ, ಭಾಷಣ ಹಿಡಿಸದಿದ್ದರೂ ಹಳೆಯ ಪರಿಚಯದವರು ಸಿಗುತ್ತಾರೆ.

ದುಃಖಕ್ಕೆ ಇಂತಿಷ್ಟೇ ದಿನ ಎಂಬ ಲೆಕ್ಕವಿಲ್ಲ. ಆದರೆ ಆರು ತಿಂಗಳು ದಾಟಿದ ಮೇಲೂ ತೀರಿಹೋದವರ ಹಂಬಲ ಎಳ್ಳಷ್ಟೂ ಸಡಿಲವಾಗದೆ ಊಟ, ನಿದ್ದೆ, ಓಡಾಟವನ್ನೆಲ್ಲ ಕಟ್ಟಿಹಾಕಿದ್ದರೆ ಅದನ್ನು ದೀರ್ಘಶೋಕ (ನೆರವಿಲ್ಲದೆ ತಾನಾಗಿ ಇಳಿಯದ ದುಃಖ) ಎಂದು ಗುರುತಿಸುತ್ತಾರೆ. ಅದಕ್ಕೆ ಮಾತಿನ ಚಿಕಿತ್ಸೆ ಇದೆ. ಧಾರವಾಡದಲ್ಲೇ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ ಸಂಸ್ಥೆ) ಇದೆ. ಒಮ್ಮೆ ಹೋಗಿ ಬನ್ನಿ, ಮಗನನ್ನೋ ಮಗಳನ್ನೋ ಜತೆಗೆ ಕರೆದುಕೊಂಡು.

*

ಪ್ರಶ್ನೆ: ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಮೂರು ಬೋರು ಕೊರೆಸಿದೆವು, ಮೂರೂ ಫೇಲಾದವು. ಸೊಸೈಟಿ ಸಾಲ, ಒಡವೆ ಸಾಲ, ನನ್ನ ಹೆಸರಲ್ಲಿ ಫೈನಾನ್ಸ್ ಸಾಲ. ಫೈನಾನ್ಸಿನವರು ರಾತ್ರಿ ಬಂದು ಜಗಲಿ ಮೇಲೆ ಕೂರುತ್ತಾರೆ. ನಮ್ಮ ಯಜಮಾನರು ಮಾತು ಬಿಟ್ಟಿದ್ದಾರೆ. ಮೊನ್ನೆ ವಾಚು ಬಿಚ್ಚಿ ಮಗನ ಕೈಗೆ ಕೊಟ್ಟು ‘ಅಮ್ಮನ್ನ ಚೆನ್ನಾಗಿ ನೋಡ್ಕೊ’ ಅಂದರು. ನಾನು ದೇವರಿಗೆ ಕೈಮುಗಿದು ಸುಮ್ಮನಿದ್ದೇನೆ. ಕೇಳಿದರೆ ಎಲ್ಲಿ ಆ ಯೋಚನೆ ಬಂದುಬಿಡುತ್ತದೋ ಅಂತ ಭಯ. — ಹೆಸರು ಬೇಡ

ಉತ್ತರ: ಈ ಪತ್ರಕ್ಕೆ ಅಚ್ಚಾಗುವ ಮೊದಲೇ ಉತ್ತರ ಕಳಿಸಿದ್ದೇವೆ. ಇದೇ ಸ್ಥಿತಿಯಲ್ಲಿ ಇರುವ ಬೇರೆಯವರಿಗಾಗಿ ಇಲ್ಲಿಯೂ ಬರೆಯುತ್ತಿದ್ದೇನೆ.

ಅಮ್ಮಾ, ನೀವು ಹೆದರಿದ್ದು ಸರಿ. ವಾಚು ಕೊಟ್ಟು ಆಡಿದ ಆ ಮಾತನ್ನು ನೀವು ಸರಿಯಾಗಿಯೇ ಕೇಳಿಸಿಕೊಂಡಿದ್ದೀರಿ. ಮಾತು ಬಿಡುವುದು, ಪ್ರೀತಿಯ ವಸ್ತುಗಳನ್ನು ಹಂಚುವುದು, ಹೊರಟು ನಿಂತವರಂತೆ ಹೊಣೆ ಒಪ್ಪಿಸುವುದು, ಇವು ಕಡೆಗಣಿಸುವ ಲಕ್ಷಣಗಳಲ್ಲ.

ಕೇಳಿದರೆ ಯೋಚನೆ ಬಂದೀತು ಎಂಬ ಭಯ ಬಹಳ ಜನಕ್ಕಿದೆ. ಹಾಗಾಗುವುದಿಲ್ಲ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಮಕ್ಕಳು ಮಲಗಿದ ಮೇಲೆ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ರೀ, ಬದುಕೋದೇ ಬೇಡ ಅನ್ನಿಸ್ತಿದೆಯಾ? ನನ್ನ ಹತ್ರ ಹೇಳಿ.’ ಹೇಳಿದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಮಕ್ಕಳ ಮುಖ ನೋಡಿ ಎನ್ನಲೂ ಹೋಗಬೇಡಿ. ಸುಮ್ಮನೆ ಕೇಳಿಸಿಕೊಳ್ಳಿ. ಆಮೇಲೆ ‘ನಾಳೆ ಇಬ್ಬರೂ ಡಾಕ್ಟರ ಹತ್ರ ಹೋಗೋಣ’ ಅನ್ನಿ. ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ಬಿಡಬೇಡಿ, ರಾತ್ರಿ ತೋಟದ ಮನೆಗೆ ಹೊರಟರೆ ಅಣ್ಣನನ್ನೋ ಮೈದುನನನ್ನೋ ಜತೆ ಮಾಡಿ.

ಇವತ್ತೇ ಇನ್ನೊಂದು ಕೆಲಸ ಮಾಡಿ. ಮನೆಯಲ್ಲಿ, ಪಂಪ್‌ಹೌಸಿನಲ್ಲಿ ಇರುವ ಗಿಡಕ್ಕೆ ಹೊಡೆಯುವ ಔಷಧಿಯನ್ನೆಲ್ಲ ತೆಗೆದು ಬೇರೆ ಮನೆಗೆ ಸಾಗಿಸಿ. ಇಷ್ಟರಿಂದ ಏನಾದೀತು ಎನ್ನಬೇಡಿ. ಶ್ರೀಲಂಕಾದಲ್ಲಿ 1990ರ ದಶಕದಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಎರಡು ದಶಕದಲ್ಲಿ ಆ ದೇಶದ ಆತ್ಮಹತ್ಯೆಯ ಪ್ರಮಾಣ ಮೂರರಲ್ಲಿ ಎರಡು ಪಾಲಿನಷ್ಟು ಇಳಿಯಿತು. ಆ ಗಳಿಗೆಯ ತೀವ್ರತೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಕೈಗೆ ಎಟುಕದಿದ್ದರೆ ಎಷ್ಟೋ ಜನ ಆ ಗಳಿಗೆಯನ್ನು ದಾಟಿಬಿಡುತ್ತಾರೆ. ಸಾಲ ತೀರಿಸುವ ಶಕ್ತಿ ಇವತ್ತು ಬೇಕಿಲ್ಲ. ಇವತ್ತಿನ ರಾತ್ರಿ ದಾಟಿದರೆ ಸಾಕು.

ವೈದ್ಯರೆಂದರೆ ದೂರ ಹೋಗಬೇಕೆಂದಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವ ಏರ್ಪಾಟಿದೆ, ಹೋಗುವ ಮುಂಚೆ ಆಸ್ಪತ್ರೆಯಲ್ಲೊಮ್ಮೆ ವಿಚಾರಿಸಿ. ಮಂಗಳವಾರದತನಕ ಕಾಯುವ ಸ್ಥಿತಿ ಇಲ್ಲವೆನಿಸಿದರೆ ತುರ್ತು ಚಿಕಿತ್ಸಾ ವಿಭಾಗಕ್ಕೇ ಕರೆದೊಯ್ಯಿರಿ.

ಸಾಲದ ಮಾತು. ಕಿರುಸಾಲ ಕೊಟ್ಟವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ, ಬೆದರಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ರಾತ್ರಿ ಬಂದು ಜಗಲಿ ಮೇಲೆ ಕೂರುವುದಂತೂ ದೂರವೇ ಉಳಿಯಿತು. 2025ರಲ್ಲಿ ನಮ್ಮ ರಾಜ್ಯವೂ ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ಕಾನೂನು ತಂದಿದೆ. ಅದರಲ್ಲಿ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಇಲ್ಲವೇ 15100ಕ್ಕೆ ಫೋನು ಮಾಡಿ. ಎಲ್ಲ ಸಾಲವನ್ನೂ ಯಾರಿಗೆ, ಎಷ್ಟು, ಯಾವಾಗ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಆದರೆ ಈ ಪುಸ್ತಕ ತೆರೆಯುವುದು ಯಜಮಾನರು ವೈದ್ಯರನ್ನು ಕಂಡು ಸ್ವಲ್ಪ ಸುಧಾರಿಸಿಕೊಂಡ ಮೇಲೆ.

ದೇವರಿಗೆ ಕೈಮುಗಿಯುವುದನ್ನು ಬಿಡಬೇಡಿ. ಸುಮ್ಮನಿರುವುದನ್ನು ಮಾತ್ರ ಬಿಡಿ.

*

ಪತ್ರ ಬರೆಯುವ ಎಲ್ಲರಲ್ಲೂ ಒಂದು ವಿನಂತಿ. ಬದುಕು ಸಾಕೆನ್ನುವ ಯೋಚನೆ ನಿಮಗೋ ಮನೆಯಲ್ಲಿ ಯಾರಿಗೋ ಬಂದಿದ್ದರೆ ದಯವಿಟ್ಟು ಪತ್ರಿಕೆಯ ಉತ್ತರಕ್ಕೆ ಕಾಯಬೇಡಿ. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. ಸಂಖ್ಯೆ 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.